ದಂಪತಿಗಳು ಕೂಡಿ ತೊಡಬೇಕಾದ ಪಣ: ನಡಿಗೆ ಮತ್ತು ವ್ಯಾಯಾಮ



“ಹೊಲಮನೆಯ ದುಡಿತವೇ ಸಾಕಾಗಿದೆ, ಇನ್ನು ವ್ಯಾಯಾಮವೇಕೆ?” ಎಂದು ನೀವು ಕೇಳಬಹುದು. ನೇಗಿಲು ಹಿಡಿದು ಉಳುತ್ತಿದ್ದ, ರಾಗಿಯನ್ನು ಕಲ್ಲಿನಲ್ಲಿ ಬೀಸುತ್ತಿದ್ದ, ಸಂತೆಗೆ ನಡೆದೇ ಹೋಗಿಬರುತ್ತಿದ್ದ ಕಾಲದಲ್ಲಿ ಈ ಮಾತು ನ್ಯಾಯವಾಗಿಯೇ ಇತ್ತು. ಆದರೆ ವಸಂತನರಸಾಪುರದ ಸುತ್ತಮುತ್ತಲಿನ ಹಳ್ಳಿಗಳ ಬಾಳು ಈಗ ಹಾಗಿಲ್ಲ. ಅಲ್ಲಿ ಕೈಗಾರಿಕಾ ಪ್ರದೇಶವು ಬೆಳೆದಿದೆ. 2014ರಲ್ಲಿ ಫುಡ್ ಪಾರ್ಕ್ ಉದ್ಘಾಟನೆಗೊಂಡಿತು. ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯೇ ಆರಂಭವಾಯಿತು. ಹೊಲಕ್ಕೆ ಟ್ರ್ಯಾಕ್ಟರ್ ಬಂದಿದೆ, ಅಡಿಗೆಮನೆಗೆ ಮಿಕ್ಸಿ ಬಂದಿದೆ, ಊರಬಾಗಿಲಿನ ಅಂಗಡಿಗೂ ಬೈಕ್ ಬೇಕಾಗಿದೆ. ದುಡಿತವೇನೂ ತಪ್ಪಿಲ್ಲ, ಅದರ ರೀತಿ ಬದಲಾಗಿದೆ. ಯಂತ್ರದ ಮುಂದೆ ಎಂಟು ಗಂಟೆ ನಿಂತವನ ಕಾಲು ದಣಿಯುತ್ತದೆ, ಆದರೆ ಹೃದಯಕ್ಕೆ ಬೇಕಾದ ಚಾಲನೆ ದೊರೆಯುವುದಿಲ್ಲ.

ಇದರ ಫಲವೇನೆಂಬುದು ಕಣ್ಣಿಗೆ ಕಾಣುತ್ತಿದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ ವಯಸ್ಕ ಸ್ತ್ರೀಪುರುಷರಲ್ಲಿ ಹತ್ತು ಮಂದಿಗೆ ಸುಮಾರು ಮೂವರು ಅಧಿಕ ತೂಕದವರು. ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಇವು ಪೇಟೆಯವರ ರೋಗಗಳೆಂಬ ಭಾವನೆಯನ್ನು ನಾವು ಬಿಡಬೇಕಾಗಿದೆ.

ಮೈ ಆಡಿಸುವುದರಿಂದ ಹೃದಯಕ್ಕೆ ಆಗುವ ಉಪಕಾರವನ್ನು ಮೊದಲು ತೋರಿಸಿಕೊಟ್ಟುದು ಬಸ್ಸುಗಳೇ ಎಂದರೆ ನಿಮಗೆ ಸೋಜಿಗವಾದೀತು. ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತಿರುವ ಚಾಲಕರನ್ನೂ, ಮೆಟ್ಟಿಲು ಹತ್ತಿ ಇಳಿಯುತ್ತ ಚೀಟಿ ಕೊಡುವ ಕಂಡಕ್ಟರುಗಳನ್ನೂ ಡಾಕ್ಟರ್ ಜೆರ್ರಿ ಮಾರಿಸ್ ಎಂಬುವರು ಹೋಲಿಸಿ ನೋಡಿ, 1953ರಲ್ಲಿ ವರದಿ ಪ್ರಕಟಿಸಿದರು. ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಗಣನೀಯವಾಗಿ ಕಡಿಮೆಯಿತ್ತು. ಒಂದೇ ಬಸ್ಸು, ಒಂದೇ ಊರು. ಹತ್ತಿ ಇಳಿಯುವುದೊಂದೇ ಎದ್ದು ಕಾಣುವ ವ್ಯತ್ಯಾಸ.

ಗುಂಪಾಗಿ ಕಲಿಯುವ ವ್ಯಾಯಾಮ ತರಗತಿ ನಮ್ಮ ನಾಡಿಗೆ ಹೊಸದಲ್ಲ. ಊರೂರಿಗೆ ಗರಡಿಮನೆಗಳಿದ್ದವು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ಟಿ. ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಯೋಗಶಾಲೆಯನ್ನು ನಡೆಸಿದರು. ಅಲ್ಲಿ ಕಲಿತವರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಒಬ್ಬರು. ಬಾಲ್ಯದಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯಗಳಿಂದ ನರಳಿ ಕೃಶರಾಗಿದ್ದ ಆ ಹುಡುಗ ತೊಂಬತ್ತೈದು ವರ್ಷ ಬಾಳಿ, ಲೋಕವಿಖ್ಯಾತ ಯೋಗಗುರುವಾದರು. ಬಲಿಷ್ಠರಾದ ಮೇಲೆ ತರಗತಿಗೆ ಸೇರೋಣವೆಂದು ಕಾಯುವವರು ಇದನ್ನು ಗಮನಿಸಬೇಕು.

ಈಗ ನಿಮ್ಮ ಉಪಕೇಂದ್ರವಾದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಯೋಗಾಭ್ಯಾಸದ ದಿನಗಳು ಯಾವುವೆಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿರಿ. ಮೂವತ್ತು ವರ್ಷ ದಾಟಿದವರಿಗೆ ಅಲ್ಲಿಯೇ ರಕ್ತದ ಒತ್ತಡ ಮತ್ತು ಸಕ್ಕರೆಯ ತಪಾಸಣೆಯೂ ಉಂಟು. ಪಣ ತೊಡುವ ಮುನ್ನ ಇಬ್ಬರೂ ಅದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು. ಗೃಹಿಣಿಯರು ರಕ್ತಹೀನತೆಯ ಪರೀಕ್ಷೆಯನ್ನೂ ಮಾಡಿಸಿಕೊಳ್ಳತಕ್ಕದ್ದು. ಏಕೆಂದರೆ ಮೇಲೆ ಹೇಳಿದ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಸುಮಾರು ಅರ್ಧದಷ್ಟು ಮಹಿಳೆಯರಲ್ಲಿ ರಕ್ತಹೀನತೆ ಕಂಡುಬಂದಿದೆ. ರಕ್ತವಿಲ್ಲದ ಮೈಗೆ ಏದುಸಿರು ಬರುವುದು ಸೋಮಾರಿತನದಿಂದಲ್ಲ. ಅಂಥವರು ಕಬ್ಬಿಣಾಂಶದ ಮಾತ್ರೆ ಸೇವಿಸುತ್ತ, ನಿಧಾನವಾಗಿ ಮುಂದುವರಿಯಬೇಕು.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿರುವಂತೆ, ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವೇಗದ ಚಟುವಟಿಕೆ ಬೇಕು. ಅದರ ಜೊತೆಗೆ ವಾರದಲ್ಲಿ ಎರಡು ದಿನ ಮಾಂಸಖಂಡಗಳಿಗೆ ಬಲ ಕೊಡುವ ವ್ಯಾಯಾಮವಿರಬೇಕು. ಮಧ್ಯಮ ವೇಗವೆಂದರೇನು? ನಡೆಯುತ್ತ ಪಕ್ಕದವರೊಡನೆ ಮಾತನಾಡಲು ಸಾಧ್ಯವಿರಬೇಕು, ಆದರೆ ಹಾಡು ಹೇಳಲು ಉಸಿರು ಸಾಲದಂತಿರಬೇಕು. ಗಡಿಯಾರವಿಲ್ಲದವರಿಗೂ ಈ ಅಳತೆ ಸಾಕು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಲೇಬೇಕೆಂಬ ಮಾತನ್ನು ಮಕ್ಕಳ ಮೊಬೈಲಿನಲ್ಲಿ ನೀವು ನೋಡಿರಬಹುದು. ಅದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಉಪಕರಣವೊಂದರ ಹೆಸರಿನಿಂದ ಹರಡಿದ್ದು, ವೈದ್ಯರ ಆಜ್ಞೆಯಲ್ಲ. ಆ ಸಂಖ್ಯೆ ಮುಟ್ಟಲಿಲ್ಲವೆಂದು ಕೊರಗುವ ಅಗತ್ಯವಿಲ್ಲ.

ಇನ್ನು ಪಣದ ವಿಚಾರ. ಗುರಿ ಕಣ್ಣಿಗೆ ಕಾಣುವಂತಿದ್ದರೆ ಮನಸ್ಸು ನಿಲ್ಲುತ್ತದೆ. ತುಮಕೂರಿನಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿರುವ ದೇವರಾಯನದುರ್ಗವನ್ನು ನಿಮ್ಮ ಗುರಿಯಾಗಿಟ್ಟುಕೊಳ್ಳಿರಿ. ಕೆಳಗೆ ಭೋಗನರಸಿಂಹ, ಬೆಟ್ಟದ ಮೇಲೆ ಯೋಗನರಸಿಂಹ. ಮೂರು ತಿಂಗಳ ಬಳಿಕ ಇಬ್ಬರೂ ಕೂಡಿ, ನಡುವೆ ದಣಿವಾರಿಸಿಕೊಂಡಾದರೂ ಮೇಲಿನ ಗುಡಿಯವರೆಗೆ ಹತ್ತುವುದೆಂದು ಸಂಕಲ್ಪಿಸಿರಿ. ಮೊದಲ ವಾರ ದಿನಕ್ಕೆ ಹತ್ತು ನಿಮಿಷ ನಡೆದರೆ ಸಾಕು. ವಾರವಾರಕ್ಕೂ ಐದು ನಿಮಿಷ ಸೇರಿಸುತ್ತ ಹೋದರೆ ಐದನೆಯ ವಾರಕ್ಕೆ ಅರ್ಧ ಗಂಟೆಯಾಗುತ್ತದೆ. ಆಮೇಲೆ ಕೆರೆಯ ಏರಿಯನ್ನು ಹತ್ತಿ ಇಳಿಯುವುದನ್ನು ರೂಢಿಸಿಕೊಳ್ಳಿರಿ. ಎದೆನೋವು, ತಲೆಸುತ್ತು ಬಂದಲ್ಲಿ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಸೊಂಟದಲ್ಲೊಂದು ತುಂಡು ಬೆಲ್ಲವಿಟ್ಟುಕೊಳ್ಳಲಿ. ಅವರು ಬರಿಗಾಲಿನಲ್ಲಿ ನಡೆಯಲಾಗದು.

ಗೃಹಿಣಿಯರಿಗೆ ಅಡ್ಡಿಯಾಗುವುದು ಕಾಲಿನ ನೋವಿಗಿಂತ ಹೆಚ್ಚಾಗಿ ಜನರ ಕಣ್ಣು. ‘ಕೆಲಸವಿಲ್ಲದೆ ರಸ್ತೆ ಅಳೆಯುತ್ತಾಳೆ’ ಎಂಬ ಒಂದು ಮಾತು ಎಷ್ಟೋ ಮಂದಿಯನ್ನು ಹೊಸಿಲೊಳಗೇ ನಿಲ್ಲಿಸುತ್ತದೆ. ಗುಂಪು ನಡಿಗೆಯ ದೊಡ್ಡ ಲಾಭವೇ ಇಲ್ಲಿದೆ. ಸ್ತ್ರೀಶಕ್ತಿ ಸಂಘದ ಎಂಟು ಹತ್ತು ಮಂದಿ ಒಟ್ಟಿಗೆ ಹೊರಟರೆ ಆಡಿಕೊಳ್ಳುವವರ ಬಾಯಿ ತಾನಾಗಿ ಮುಚ್ಚುತ್ತದೆ. ಗೃಹಸ್ಥರೇ, ಆ ಅರ್ಧ ಗಂಟೆ ಮಗುವನ್ನು ನೋಡಿಕೊಳ್ಳುವ, ಒಲೆಯ ಮೇಲಿನ ಹಾಲನ್ನು ಕಾಯುವ ಹೊಣೆ ನಿಮ್ಮದು. ಇದಿಲ್ಲದೆ ಉಳಿದ ಉಪದೇಶವೆಲ್ಲ ವ್ಯರ್ಥ ಎಂಬುದು ನಮ್ಮ ಅಭಿಪ್ರಾಯ.

ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿಸಿಕೊಂಡರೆ ಪುರುಷನ ಮೈಬಲ ಕುಗ್ಗುತ್ತದೆಂಬ ಅಂಜಿಕೆ ಇಂದಿಗೂ ಉಳಿದಿದೆ. ಇದು ತಪ್ಪು. ಪುರುಷರು ಎರಡು ದಿನಗಳ ವಿಶ್ರಾಂತಿಯ ಬಳಿಕ ಸಾಮಾನ್ಯ ಕೆಲಸವನ್ನೂ, ಒಂದು ವಾರದ ಬಳಿಕ ಸೈಕಲ್ ತುಳಿಯುವುದೂ ಸೇರಿ ಎಲ್ಲ ಕೆಲಸವನ್ನೂ ಮಾಡಬಹುದು. ಮಹಿಳೆಯರು ಎರಡು ದಿನಗಳ ಅನಂತರ ಹಗುರ ಕೆಲಸ ಆರಂಭಿಸಿ, ಎರಡು ವಾರಗಳಲ್ಲಿ ಕ್ರಮೇಣ ಮೊದಲಿನಂತಾಗುವರು. ತೊಂದರೆಯಿಲ್ಲದ ಬಸುರಿಯೂ ವೈದ್ಯರ ಅನುಮತಿ ಪಡೆದು ನಡೆಯಬಹುದು, ನಡೆಯುವುದು ಹಿತವೂ ಹೌದು. ಬೆಟ್ಟದ ಪಣವನ್ನು ಮಾತ್ರ ಹೆರಿಗೆಯ ನಂತರಕ್ಕೆ ಇಟ್ಟುಕೊಳ್ಳಲಿ. ಶಸ್ತ್ರಚಿಕಿತ್ಸೆಯ ಹೆರಿಗೆಯಾಗಿದ್ದರೆ ವೈದ್ಯರನ್ನು ಕೇಳಿಯೇ ಆರಂಭಿಸಲಿ.

ನಡೆಯುವ ಜಾಗವನ್ನು ವಿವೇಚಿಸಿ ಆರಿಸಿಕೊಳ್ಳಬೇಕು. ಲಾರಿಗಳು ಓಡಾಡುವ ಕೈಗಾರಿಕಾ ಪ್ರದೇಶದ ರಸ್ತೆಗಿಂತ ಶಾಲೆಯ ಮೈದಾನ ಲೇಸು. ರಸ್ತೆಯೇ ಗತಿಯಾದರೆ ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ, ತಿಳಿ ಬಣ್ಣದ ಬಟ್ಟೆ ತೊಟ್ಟು ನಡೆಯಿರಿ. 2019 ಮತ್ತು 2020ರಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಚಿರತೆಯ ದಾಳಿಯಿಂದ ಜೀವಹಾನಿಯಾದುದನ್ನು ನೀವು ಮರೆತಿರಲಾರಿರಿ. ಆದಕಾರಣ ಕುರುಚಲು ಕಾಡಿನ ಬಳಿ ಕತ್ತಲಿರುವಾಗ ಹೊರಡುವುದು ಬೇಡ. ಬೆಳಕು ಹರಿದ ಮೇಲೆ, ಗುಂಪಾಗಿ, ಮಕ್ಕಳನ್ನು ನಡುವೆ ಇಟ್ಟುಕೊಂಡು ಹೊರಡಿರಿ. ದುರ್ಗ ಹತ್ತುವ ದಿನ ಬಿಸಿಲೇರುವ ಮುನ್ನವೇ ಕೆಳಗಿನ ಗುಡಿಯನ್ನು ತಲಪಿರಿ. ಕುಡಿಯುವ ನೀರು ಜೊತೆಗಿರಲಿ. ಬುತ್ತಿಯನ್ನು ಮಾತ್ರ ಚೀಲದೊಳಗೆ ಭದ್ರವಾಗಿ ಕಟ್ಟಿಡಿರಿ, ಅಲ್ಲಿ ಕೋತಿಗಳ ಕಾಟ ಬಹಳ.