ಎರಡು ಟ್ಯಾಂಕು, ಒಂದು ನಲ್ಲಿ

ಶಿಕಾರಿಪುರ, ಸೊರಬದ ಕಡೆ ಕೆರೆಗಳಿಗೆ ಬಡತನವಿಲ್ಲ. ಮೇಲಿನ ಕೆರೆಯ ತೂಬು ಸೋರಿದರೆ, ಯಾರ ಅಪ್ಪಣೆಯೂ ಇಲ್ಲದೆ ನೀರು ಕೆಳಗಿನ ಕೆರೆಗೆ ಇಳಿಯುತ್ತದೆ. ಇಷ್ಟನ್ನು ಬಲ್ಲ ರೈತನಿಗೆ ಎರಡು ಟ್ಯಾಂಕಿನ ಎಂಜಿನಿನ ಕಾಯಿಲೆಯನ್ನು ತಿಳಿಯಹೇಳುವುದು ಕಷ್ಟವೇನಲ್ಲ.

ಎರಡು ಟ್ಯಾಂಕಿನ ಎಂಜಿನೆಂದರೆ ಪೆಟ್ರೋಲಿನಲ್ಲಿ ಹೊರಟು ಸೀಮೆಎಣ್ಣೆಯಲ್ಲಿ ಓಡುವ ಸಣ್ಣ ಪಂಪುಸೆಟ್ಟು. ವಿದ್ಯುತ್ತಿನ ತಂತಿ ಮುಟ್ಟದ ಹೊಲಕ್ಕೆ, ಕುಮುದ್ವತಿಯ ದಡಕ್ಕೋ ದಂಡಾವತಿಯ ದಡಕ್ಕೋ, ಇಬ್ಬರು ಹಿಡಿದು ಸಾಗಿಸಬಹುದಾದ ಯಂತ್ರ. ಸೀಮೆಎಣ್ಣೆ ಈಗ ಮೊದಲಿನಷ್ಟು ಸುಲಭವಾಗಿ ಸಿಗುವುದಿಲ್ಲ, ನಿಜ. ಆದರೂ ಹಳೆಯ ಎಂಜಿನನ್ನು ಎಸೆಯಲು ಯಾರಿಗೆ ಮನಸ್ಸು ಬಂದೀತು? ಏಪ್ರಿಲ್ ಬಿಸಿಲಿನಲ್ಲಿ ಅಡಕೆಯ ಎಳೆ ಸಸಿಗಳು ಬಾಡತೊಡಗಿದಾಗ ಅದೇ ನೆನಪಿಗೆ ಬರುತ್ತದೆ. ಅದು ಕೈಕೊಡುವುದೂ ಆಗಲೇ.

ಎರಡು ಎಣ್ಣೆ ಏಕೆ ಬೇಕು? ತಣ್ಣಗಿರುವ ಎಂಜಿನಿನಲ್ಲಿ ಸೀಮೆಎಣ್ಣೆ ಸರಿಯಾಗಿ ಆವಿಯಾಗುವುದಿಲ್ಲ. ಆವಿಯಾಗದ್ದಕ್ಕೆ ಕಿಡಿ ತಗುಲಿದರೂ ಉರಿಯದು. ಪೆಟ್ರೋಲಾದರೆ ತಣ್ಣಗಿದ್ದರೂ ಆವಿಯಾಗುತ್ತದೆ. ಆದ್ದರಿಂದ ಕೆಲವು ನಿಮಿಷ ಪೆಟ್ರೋಲಿನಲ್ಲಿ ಓಡಿಸಿ, ಎಂಜಿನು ಚೆನ್ನಾಗಿ ಕಾದ ಮೇಲೆ ನಲ್ಲಿಯನ್ನು ಸೀಮೆಎಣ್ಣೆಯ ಕಡೆಗೆ ತಿರುಗಿಸತಕ್ಕದ್ದು. ಇಂಗ್ಲೆಂಡಿನಲ್ಲಿ 1949ರಲ್ಲಿ ಬಂದ ಫರ್ಗೂಸನ್ ಟಿ.ಇ.ಡಿ.-20 ಟ್ರ್ಯಾಕ್ಟರೂ ಇದೇ ಬಗೆಯದು. ಅದೂ ಪೆಟ್ರೋಲಿನಲ್ಲಿ ಹೊರಟು, ಸೀಮೆಎಣ್ಣೆಯಂಥ ಅಗ್ಗದ ಎಣ್ಣೆಯಲ್ಲಿ ಉಳುತ್ತಿತ್ತು.

ಹೊರಡುವಾಗಿನ ಈ ನಿಯಮವನ್ನು ಬಹುಮಂದಿ ಪಾಲಿಸುತ್ತಾರೆ; ನಿಲ್ಲಿಸುವಾಗಿನದನ್ನು ಮರೆಯುತ್ತಾರೆ. ನಿಲ್ಲಿಸುವುದಕ್ಕೆ ಕೊಂಚ ಮೊದಲು ನಲ್ಲಿಯನ್ನು ಮತ್ತೆ ಪೆಟ್ರೋಲಿಗೆ ತಿರುಗಿಸಿ, ಕಾರ್ಬ್ಯುರೇಟರಿನ ಬಟ್ಟಲಲ್ಲಿರುವ ಸೀಮೆಎಣ್ಣೆ ಮುಗಿಯುವವರೆಗೆ ಓಡಿಸಬೇಕು. ಹಾಗೆ ಮಾಡದಿದ್ದರೆ ಮರುದಿನ ಬೆಳಿಗ್ಗೆ ಬಟ್ಟಲಲ್ಲಿ ಸೀಮೆಎಣ್ಣೆಯೇ ಕುಳಿತಿರುತ್ತದೆ. ಹಗ್ಗ ಎಳೆದೆಳೆದು ತೋಳು ಸೋತರೂ ಎಂಜಿನು ಹೊರಡದು. ಬಟ್ಟಲಿನ ಕೆಳಗಿನ ತಿರುಪು ಸಡಿಲಿಸಿ ಎಣ್ಣೆ ಬಸಿದುಕೊಂಡರೆ ಸಾಕು, ಮಿಸ್ತ್ರಿಯನ್ನು ಕರೆಯಬೇಕಾಗಿಲ್ಲ.

ಇನ್ನು ನಿಜವಾದ ಕಾಯಿಲೆಗೆ ಬರೋಣ. ಎರಡು ಟ್ಯಾಂಕುಗಳ ನಡುವಿನ ನಲ್ಲಿಗೆ ಮೂರು ನಿಲುವು: ಪೆಟ್ರೋಲು, ಸೀಮೆಎಣ್ಣೆ, ಬಂದು. ಒಳಗಿರುವ ಬಿರಡೆಯ ಅಥವಾ ರಬ್ಬರಿನ ವಾಷರು ಸವೆದರೆ ಎರಡು ದಾರಿಗಳೂ ಒಳಗೊಳಗೇ ಕೂಡಿಕೊಳ್ಳುತ್ತವೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ. ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಯಾವ ಟ್ಯಾಂಕಿನ ಮಟ್ಟ ಮೇಲಿದೆಯೋ ಅದರಿಂದ ಇನ್ನೊಂದಕ್ಕೆ ರಾತ್ರಿಯಿಡೀ ಎಣ್ಣೆ ಇಳಿಯುತ್ತದೆ, ತೂಬು ಸೋರಿದ ಹಾಗೆಯೇ. ಬೆಳಿಗ್ಗೆ ಪೆಟ್ರೋಲೆಂದು ನಂಬಿದ್ದರಲ್ಲಿ ಅರ್ಧ ಸೀಮೆಎಣ್ಣೆ! ಪ್ಲಗ್ಗು ಬದಲಾಯಿಸುತ್ತೇವೆ, ಎಂಜಿನು ಬಿಚ್ಚಿಸುತ್ತೇವೆ, ದುಡ್ಡು ತೆರುತ್ತೇವೆ. ತಪ್ಪು ಇರುವುದು ಒಂದು ವಾಷರಿನಲ್ಲಿ.

ಪರೀಕ್ಷೆ ಸುಲಭ. ಪೆಟ್ರೋಲು ಟ್ಯಾಂಕನ್ನು ಪೂರ್ತಿ ಬರಿದು ಮಾಡಿ ಒರೆಸಿ, ಸೀಮೆಎಣ್ಣೆಯ ಟ್ಯಾಂಕು ತುಂಬಿ, ನಲ್ಲಿ ಬಂದು ಮಾಡಿ ರಾತ್ರಿ ಬಿಡಿ. ಬೆಳಿಗ್ಗೆ ಬರಿದಾದದ್ದರಲ್ಲಿ ಎಣ್ಣೆ ಕಂಡರೆ ನಲ್ಲಿ ಕೆಟ್ಟಿದೆ. ಕಾಗದದ ಮೇಲೆ ಒಂದು ಹನಿ ಬಿಟ್ಟು ನೋಡುವುದೂ ಉಂಟು: ಶುದ್ಧ ಪೆಟ್ರೋಲು ಬೇಗ ಆರಿಹೋಗುತ್ತದೆ, ಸೀಮೆಎಣ್ಣೆ ಬೆರೆತಿದ್ದರೆ ಜಿಡ್ಡಿನ ಕಲೆ ಬಹಳ ಹೊತ್ತು ಉಳಿಯುತ್ತದೆ. ಈ ಕೆಲಸವೆಲ್ಲ ಎಂಜಿನು ತಣ್ಣಗಿರುವಾಗ, ಬಯಲಿನಲ್ಲಿ, ಬೀಡಿಯನ್ನು ದೂರವಿಟ್ಟು ಆಗಬೇಕು.

ಇದು ನಮ್ಮ ಬಡ ಯಂತ್ರಕ್ಕೆ ಮಾತ್ರ ಬಂದದ್ದಲ್ಲ. ಅಮೆರಿಕದಲ್ಲಿ 1980ರ ದಶಕದ ಉತ್ತರಾರ್ಧದ ಫೋರ್ಡ್ ಪಿಕಪ್ಪುಗಳಲ್ಲಿ ಎರಡೆರಡು ಪೆಟ್ರೋಲು ಟ್ಯಾಂಕುಗಳಿರುತ್ತಿದ್ದವು. ಎಂಜಿನು ಬಳಸದೆ ಬಿಟ್ಟ ಪೆಟ್ರೋಲು ತಾನು ಹೊರಟ ಟ್ಯಾಂಕಿಗೇ ಮರಳಬೇಕು. ನಡುವಿನ ಕವಾಟ ಕೆಟ್ಟರೆ ಅದು ಇನ್ನೊಂದನ್ನು ಸೇರಿ, ಕೆಲವೊಮ್ಮೆ ತುಂಬಿ ಹೊರಚೆಲ್ಲುತ್ತಿತ್ತು. ಅಲ್ಲಿ ಎರಡರಲ್ಲೂ ಒಂದೇ ಎಣ್ಣೆ; ನಮ್ಮಲ್ಲಿ ಬೇರೆ ಬೇರೆ. ಆದ್ದರಿಂದ ನಮ್ಮದು ಚೆಲ್ಲುವ ಮೊದಲೇ ಕೆಡುತ್ತದೆ.

ಎಂಜಿನು ಸ್ವಲ್ಪ ಹೊತ್ತು ಚೆನ್ನಾಗಿ ಓಡಿ, ಉಸಿರು ಕಟ್ಟಿದಂತೆ ನಿಂತರೆ ಮುಚ್ಚಳದ ಸಣ್ಣ ತೂತನ್ನು ನೋಡಿ. ಅದು ಕೆಸರಿನಿಂದ ಮುಚ್ಚಿದ್ದರೆ ಒಳಗೆ ಗಾಳಿ ಹೋಗದು, ಎಣ್ಣೆ ಇಳಿಯದು. ಮುಚ್ಚಳ ಸಡಿಲಿಸಿದೊಡನೆ ಓಡತೊಡಗಿದರೆ ಕಾರಣ ಅದೇ.

ಈಚಿನ ಇನ್ನೊಂದು ತೊಡಕು ಎಥನಾಲು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲು ಬೆರೆತಿರುತ್ತದೆ. ಅದು ನೀರನ್ನು ಎಳೆದುಕೊಳ್ಳುವ ಸ್ವಭಾವದ್ದು. ನೀರು ಹೆಚ್ಚಾದರೆ ಪೆಟ್ರೋಲನ್ನು ಬಿಟ್ಟು ನೀರಿನೊಡನೆ ತಳಕ್ಕಿಳಿಯುತ್ತದೆ. ಹಳೆಯ ರಬ್ಬರಿಗೂ ಅದು ಒಗ್ಗದು. ಮಳೆಗಾಲವಿಡೀ ಮಲೆನಾಡಿನ ಥಂಡಿಯಲ್ಲಿ ಪೆಟ್ರೋಲು ತುಂಬಿಟ್ಟ ಎಂಜಿನು ಬೇಸಗೆಗೆ ಹೊರಡದಿದ್ದರೆ ಆಶ್ಚರ್ಯವಿಲ್ಲ. ಹಂಗಾಮು ಮುಗಿದೊಡನೆ ಎರಡೂ ಟ್ಯಾಂಕು ಬರಿದುಮಾಡಿ, ಬಟ್ಟಲನ್ನೂ ಬಸಿದಿಡಿ. ಬಿರಡೆಯ ವಾಷರಾದರೆ ಒಣಗಿ ಕುಗ್ಗಿರುತ್ತದೆ. ಮತ್ತೆ ಹೂಡುವಾಗ ಹೊಸದನ್ನೇ ಹಾಕಿಸಿ.

ಕೀಲೆಣ್ಣೆಯ ಅಳತೆಕಡ್ಡಿಯನ್ನೂ ಆಗಾಗ ತೆಗೆದು ನೋಡುತ್ತಿರಿ. ಎಣ್ಣೆ ಹಾಕದೆಯೇ ಮಟ್ಟ ಏರಿದ್ದರೆ ಹಿಗ್ಗಬೇಡಿ. ಕಾಯುವ ಮೊದಲೇ ಸೀಮೆಎಣ್ಣೆಗೆ ತಿರುಗಿಸಿದ್ದರಿಂದ, ಉರಿಯದೆ ಉಳಿದದ್ದು ಕೆಳಗಿಳಿದು ಕೀಲೆಣ್ಣೆಯನ್ನು ನೀರಾಗಿಸಿದೆ. ಅದನ್ನು ಅಂದೇ ಬದಲಾಯಿಸಬೇಕು.