ಹಳೇ ಜೀಪು: ಮಾರುವುದೋ, ಇಟ್ಟುಕೊಳ್ಳುವುದೋ?

ನಮ್ಮ ಪುತ್ತೂರು, ಸುಳ್ಯ, ಕಡಬದ ಒಳಹಳ್ಳಿಗಳಲ್ಲಿ 'ಜೀಪು' ಅಂದರೆ ಕಂಪೆನಿಯ ಹೆಸರಲ್ಲ, ಗುಡ್ಡೆ ಹತ್ತುವ ಗಾಡಿಯ ಹೆಸರು. ಮಹೀಂದ್ರದವರು 1947ರಲ್ಲಿ ಅಮೆರಿಕದ ವಿಲ್ಲೀಸ್ ಜೀಪನ್ನು ಇಲ್ಲಿ ಜೋಡಿಸಲು ಸುರುಮಾಡಿದರು. ಬಸ್ಸು ಬಾರದ ಊರಿಗೆ ಸರ್ವಿಸ್ ಜೀಪೇ ಬಸ್ಸು; ಅಡಿಕೆ ಗೋಣಿ, ಗೊಬ್ಬರ, ಮದುವೆ ದಿಬ್ಬಣ, ಹೆರಿಗೆ ನೋವು ಎಲ್ಲವೂ ಅದರಲ್ಲೇ. 2000ದಲ್ಲಿ ಬೊಲೆರೊ, 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಜೀಪಿನ ಕೆಲಸ ಹಂಚಿಹೋಯಿತು. ಆದರೂ ಎಷ್ಟೋ ಮನೆಗಳ ಕೊಟ್ಟಿಗೆಯ ಬದಿಯಲ್ಲಿ ಒಂದು ಹಳೇ ಜೀಪು ಈಗಲೂ ನಿಂತಿರುತ್ತದೆ.

ನಮ್ಮದು 1996ರ ಮಾಡೆಲು, ಡೀಸೆಲ್, ನಾಲ್ಕು ಚಕ್ರಕ್ಕೂ ಎಳೆತ ಇರುವಂಥದ್ದು. 2004ರಲ್ಲಿ ಸೆಕೆಂಡ್‌ಹ್ಯಾಂಡ್ ತೆಗೆದುಕೊಂಡದ್ದು. "ಅಪ್ಪಾ, ಇದನ್ನು ಗುಜರಿಗೆ ಕೊಟ್ಟು ಒಂದು ಕಾರು ತೆಗೆಯುವ" ಅಂತ ಮಗ ಎರಡು ವರ್ಷದಿಂದ ಹೇಳ್ತಾ ಇದ್ದಾನೆ. ಅವನ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಪುತ್ತೂರಿಗೆ ಹೋಗಿ ಬರುವಷ್ಟರಲ್ಲಿ ಬೆನ್ನು ಬಿದ್ದುಹೋಗುತ್ತದೆ, ಪಕ್ಕದಲ್ಲಿ ಕೂತವರ ಮಾತು ಕೇಳುವುದಿಲ್ಲ. ಡಾಮರು ರಸ್ತೆಯಲ್ಲಿ ಲೀಟರಿಗೆ ಹನ್ನೊಂದು ಕಿಲೋಮೀಟರ್ ಕೊಟ್ಟರೆ ಪುಣ್ಯ.

ಆದರೆ ನಮ್ಮ ಮನೆಯಿಂದ ಪಂಚಾಯತು ರಸ್ತೆಗೆ ಒಂದೂವರೆ ಕಿಲೋಮೀಟರ್ ಮಣ್ಣಿನ ಏರು, ನಡುವೆ ಒಂದು ತೋಡು. ಆಟಿ ತಿಂಗಳಲ್ಲಿ ಆ ಏರು ಹತ್ತಲು ಕಾರಿಗೆ ಸಾಧ್ಯವಿಲ್ಲ. 2019ರ ಮಳೆಗಾಲದಲ್ಲಿ ರಾತ್ರಿ ಹನ್ನೊಂದಕ್ಕೆ ಕೆಳಗಿನ ಮನೆಯ ಅಜ್ಜಿಗೆ ಉಸಿರು ಕಟ್ಟಿದಾಗ ಆಂಬುಲೆನ್ಸ್ ಪಂಚಾಯತು ರಸ್ತೆಯಲ್ಲೇ ನಿಂತಿತು. ಅಲ್ಲಿವರೆಗೆ ತಲುಪಿಸಿದ್ದು ಜೀಪು. ಈ ಲೆಕ್ಕವನ್ನು ಲೀಟರಿನಲ್ಲಿ ಹಾಕುವುದು ಹೇಗೆ?

ಫೋರ್‌ವೀಲ್ ಯಾವಾಗ?

ಕೆಲವರು ಏರು ಕಂಡಲ್ಲೆಲ್ಲ ಫೋರ್‌ವೀಲ್ ಲಿವರ್ ಎಳೆಯುತ್ತಾರೆ. ಅದು ಸರಿಯಲ್ಲ. ಈ ಹಳೇ ಗಾಡಿಗಳಲ್ಲಿ ಲಿವರ್ ಹಾಕಿದ ಕೂಡಲೇ ಮುಂದಿನ, ಹಿಂದಿನ ಆಕ್ಸಲು ಒಂದಕ್ಕೊಂದು ಕಟ್ಟಿಹಾಕಿದ ಹಾಗೆ ತಿರುಗುತ್ತವೆ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕು. ಕೆಸರಿನಲ್ಲಾದರೆ ಚಕ್ರ ಚೂರು ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಮರಿನಲ್ಲಿ ಜಾರುವುದಿಲ್ಲ. ಆ ಬಿಗಿತವೆಲ್ಲ ಗೇರಿಗೆ, ಟಯರಿಗೆ. ಹಾಗಾಗಿ ಕೆಸರಿಗೆ ಇಳಿಯುವ ಮೊದಲೇ ಹಾಕಿ, ಗಟ್ಟಿ ರಸ್ತೆಗೆ ಬಂದ ಕೂಡಲೇ ತೆಗೆಯಬೇಕು. ಚಕ್ರ ಗಿರಕಿ ಹೊಡೆದು ಹೊಂಡ ತೋಡಿದ ಮೇಲೆ ಹಾಕಿದರೆ ಪ್ರಯೋಜನ ಕಡಿಮೆ.

ಇಳಿಯುವಾಗ ಲೋ ಗೇರು, ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರು ಸಂಪಾಜೆ ಘಾಟಿಯಲ್ಲಿ ಹಾಗೆ ಮಾಡದಿರಲಿ.

ತೋಡು ದಾಟಿದ ಮೇಲೆ ಡ್ರಮ್ ಬ್ರೇಕಿನೊಳಗೆ ನೀರು ನಿಂತು ಬ್ರೇಕು ಹಿಡಿಯುವುದೇ ಇಲ್ಲ. ಆಚೆ ದಡ ಹತ್ತಿ, ಮೆಲ್ಲ ಓಡಿಸುತ್ತಾ ಪೆಡಲನ್ನು ಹಗುರಾಗಿ ಒತ್ತಿ ಹಿಡಿದರೆ ಬಿಸಿಗೆ ಒಣಗುತ್ತದೆ. ಡೀಸೆಲ್ ಎಂಜಿನಿಗೆ ಕಿಡಿ ಬೇಡವಾದ್ದರಿಂದ ಪೆಟ್ರೋಲ್ ಗಾಡಿಯಷ್ಟು ಬೇಗ ನೀರಿಗೆ ನಿಲ್ಲದು. ಆದರೆ ಏರ್‌ಕ್ಲೀನರಿಗೆ ನೀರು ಹೋದರೆ ಕತೆ ಮುಗಿಯಿತು. ಕಟ್ಟ ಕಡೆಗೆ, ನೀರಿನ ತಳ ಕಾಣದಿದ್ದರೆ ಇಳಿಯಬಾರದು, ಜೀಪಾದರೂ ಸರಿ.

ಮೈಲುತುತ್ತು ಎಂಬ ವೈರಿ

ನಮ್ಮ ಕಡೆ ಜೀಪು ಹಾಳಾಗುವುದು ಓಟದಿಂದ ಅಲ್ಲ, ತುಕ್ಕಿನಿಂದ. ಅದರಲ್ಲೂ ದೊಡ್ಡ ಕಾರಣ ನಮ್ಮದೇ ಬೋರ್ಡೋ. ಮದ್ದು ಸರಿಯಾಗಿದೆಯೋ ಅಂತ ನೋಡಲು ಉಜ್ಜಿದ ಕತ್ತಿಯನ್ನು ಅದ್ದುತ್ತೇವಲ್ಲ? ಸುಣ್ಣ ಸಾಲದಿದ್ದರೆ ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಅಂದರೆ ತಾಮ್ರ ಕೂತಷ್ಟು ಕಬ್ಬಿಣ ಕರಗಿಹೋಯಿತು ಅಂತ ಅರ್ಥ. ಮೈಲುತುತ್ತಿನ ನೀರು ಜೀಪಿನ ತಳದ ತಗಡಿಗೆ ಚೆಲ್ಲಿದಾಗ ಅಲ್ಲೂ ನಡೆಯುವುದು ಇದೇ. ಡ್ರಮ್ಮಿನ ಅಡಿಗೆ ದಪ್ಪ ಟಾರ್ಪಾಲು ಹಾಸುತ್ತೇವೆ. ಮದ್ದು ಬಿಟ್ಟ ದಿನ ಸಂಜೆಯೇ ತೊಳೆಯುತ್ತೇವೆ, ಕತ್ತಲಾದರೂ ಬಿಡುವುದಿಲ್ಲ. ರಾಸಾಯನಿಕ ಗೊಬ್ಬರದ ಚೀಲ ಸೋರಿದರೂ ಹೀಗೇ. ಚಾಸಿಯ ಒಳಬದಿಯಲ್ಲಿ ಮೆತ್ತಿಕೊಂಡ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ, ಅದನ್ನು ಕೋಲಿನಿಂದ ಕೆದಕಿ ತೆಗೆಯಬೇಕು.

ಈ ಗಾಡಿಯ ದೊಡ್ಡ ಗುಣ, ಅರ್ಧದಷ್ಟು ರಿಪೇರಿ ನಾವೇ ಮಾಡಬಹುದು. ಡೀಸೆಲ್ ಪೂರಾ ಖಾಲಿಯಾಗಿ ಗಾಳಿ ಹಿಡಿದರೆ ಫಿಲ್ಟರಿನ ಸ್ಕ್ರೂ ಸಡಿಲಿಸಿ, ನೊರೆ ನಿಲ್ಲುವವರೆಗೆ ಕೈಪಂಪು ಒತ್ತಿದರಾಯಿತು. ಹೊಸ ಗಾಡಿಗೆ ಕಂಪ್ಯೂಟರ್ ಬೇಕು. "ಅಣ್ಣ, ಇದರ ಕೆಲಸ ಗೊತ್ತಿರುವವರು ನಾವು ನಾಲ್ಕು ಜನ ಉಳಿದದ್ದು. ನಮ್ಮ ಮಕ್ಕಳು ಯಾರೂ ಕಲಿಯಲಿಲ್ಲ" ಅಂತಾರೆ ನಮ್ಮ ಮೆಕ್ಯಾನಿಕ್. ನನಗೆ ಡೀಸೆಲ್ ರೇಟಿಗಿಂತ ಹೆಚ್ಚು ಹೆದರಿಕೆ ಇರುವುದು ಇದರ ಬಗ್ಗೆ.

ಕಾಗದಪತ್ರ

ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ನಿಷೇಧ ಅಂತ ಊರಲ್ಲಿ ಸುದ್ದಿ ಹಬ್ಬಿಸುವವರಿದ್ದಾರೆ. ಅದು ದೆಹಲಿ ಸುತ್ತಿನ ಕತೆ, ನಮ್ಮದಲ್ಲ. ನಮ್ಮಲ್ಲಿ ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ನಾವು ಕೊನೆಗೆ ಮಾಡಿಸಿದ್ದು 2021ರಲ್ಲಿ, ಶುಲ್ಕ 600 ರೂಪಾಯಿ ಇದ್ದಾಗ. 2022ರ ಏಪ್ರಿಲಿನಿಂದ ಅದು 5,000 ಆಯಿತು. 2025ರ ಆಗಸ್ಟಿನಲ್ಲಿ ಬಂದ ತಿದ್ದುಪಡಿಯಂತೆ 20 ವರ್ಷ ದಾಟಿದ ಇಂಥ ಗಾಡಿಗೆ 10,000. ಹಸಿರು ತೆರಿಗೆ ಬೇರೆ. ಇಷ್ಟು ಏರಿಸಿದ್ದು ಹಳೇ ಗಾಡಿ ಬಿಡಿಸಲಿಕ್ಕೇ ಅಂತ ಕಾಣುತ್ತದೆ. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಓಡದ ತೋಟದ ಜೀಪಿಗೂ, ಪೇಟೆಯಲ್ಲಿ ದಿನವಿಡೀ ಹೊಗೆ ಬಿಡುವ ಗಾಡಿಗೂ ಒಂದೇ ಅಳತೆಗೋಲು ಹಾಕಿದ್ದು ನ್ಯಾಯ ಅಂತ ನನಗೆ ಅನಿಸುವುದಿಲ್ಲ.

ಹಾಗಂತ ಆರ್‌ಸಿ ಇಲ್ಲದೆ ಓಡಿಸುವುದು ಬೇಡ. ಅಪಘಾತವಾದರೆ ವಿಮೆಯವರು ಮೊದಲು ಕೇಳುವುದು ಕಾಗದ. ಖಾಸಗಿ ಗಾಡಿಯಲ್ಲಿ ಬಾಡಿಗೆಗೆ ಜನ ಹತ್ತಿಸಿದರೂ ಅದೇ ಗತಿ. ಹೊಗೆ ತಪಾಸಣೆ 6 ತಿಂಗಳಿಗೊಮ್ಮೆ.

ನಮ್ಮ ಆರ್‌ಸಿ ಅವಧಿ ಮುಗಿಯುವುದು 2026ರಲ್ಲಿ. ಹತ್ತು ಸಾವಿರವನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಎರಡು ಸಾವಿರ. ಮಳೆಗಾಲದಲ್ಲಿ ಗೊಬ್ಬರ, ಮದ್ದು ತಲೆಹೊರೆಯಲ್ಲಿ ಸಾಗಿಸಲು ನಾಲ್ಕು ಆಳಿನ ಸಂಬಳಕ್ಕೂ ಅದು ಸಾಲದು, ಆಳು ಸಿಕ್ಕಿದರೆ ತಾನೇ! ಮಾಡಿಸುವುದೆಂದೇ ತೀರ್ಮಾನಿಸಿದ್ದೇನೆ. ಮಗನೂ ಒಪ್ಪಿದ್ದಾನೆ, ಒಂದು ಶರತ್ತಿನಲ್ಲಿ: ರಸ್ತೆಗೆ ಕಾಂಕ್ರೀಟು ಬಿದ್ದ ದಿನ ಮತ್ತೆ ಮಾತಾಡುವುದು.

ನವೀಕರಣಕ್ಕೆ ಹೋಗುವವರಿಗೆ ಒಂದು ಕಿವಿಮಾತು. ಪುತ್ತೂರಿನ ಆರ್‌ಟಿಓ ಕಚೇರಿಗೆ ಗಾಡಿಯನ್ನೇ ಒಯ್ದು ತೋರಿಸಬೇಕು. ಇನ್ಸ್‌ಪೆಕ್ಟರ್ ಚಾಸಿ ನಂಬ್ರ ನೋಡುತ್ತಾರೆ. ತುಕ್ಕು ತಿಂದು ಅದು ಓದಲಾಗದಿದ್ದರೆ ಅಲೆದಾಟ ತಪ್ಪಿದ್ದಲ್ಲ. ಸೀಮೆಎಣ್ಣೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಗ್ರೀಸು ಹಚ್ಚಿಡಿ. ಮರಳು ಕಾಗದದಲ್ಲಿ ಉಜ್ಜಬೇಡಿ, ಅಂಕೆಯೇ ಸವೆದುಹೋದೀತು.