ಬೀದರದ ಹೆಸರಿನ ಗೆರೆ

ಎವರೆಸ್ಟ್ ಶಿಖರಕ್ಕೆ ಆ ಹೆಸರು ಸೂಚಿಸಿದ ಆಂಡ್ರ್ಯೂ ವಾಘ್, ಅದಕ್ಕೂ ಮೊದಲು, 1841ರಲ್ಲಿ, ನಮ್ಮ ಬೀದರ ಸೀಮೆಯಲ್ಲಿ ಏಳು ಮೈಲಿಗೂ ಹೆಚ್ಚು ಉದ್ದದ ಗೆರೆಯೊಂದನ್ನು ಅಳೆದಿದ್ದ. ಭಾಲ್ಕಿ, ಔರಾದದ ತೊಗರಿ ಬಂದಿಳಿಯುವ ಬೀದರದ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಕಿಲೊ ಹೆಚ್ಚುಕಡಿಮೆಯಾದರೂ ವಾದ ಎದ್ದೀತು. ಈ ಅಳತೆಯ ಮಾತು ಮಾತ್ರ ಅಲ್ಲಿ ಯಾರ ಬಾಯಲ್ಲೂ ಇಲ್ಲ. ಸರ್ವೆಯವರ ಗ್ರಂಥಗಳಲ್ಲಿ ಅದು ‘ಬೀದರ ಬೇಸ್‌ಲೈನ್’, ಸರ್ವೆಯ ತ್ರಿಕೋನಗಳ ಲೆಕ್ಕಕ್ಕೆ ಬುನಾದಿಯಾಗಿ ನೆಲದ ಮೇಲೆ ಅಳೆದ ಗೆರೆ.

ಈ ಸೀಮೆಯಲ್ಲಿ ಮೊದಲು ಅಳೆದವನು ವಿಲಿಯಂ ಲ್ಯಾಂಬ್ಟನ್. 1802ರಲ್ಲಿ ಮದರಾಸಿನಿಂದ ಹೊರಟ ಅವನ ತ್ರಿಕೋನಗಳು 1815ಕ್ಕೆ ನಾರಾಯಣಖೇಡ ಸೀಮೆಯ ದಾಮರಗಿದ್ದಾ ಮುಟ್ಟಿದವು. ಅವನ ಉಕ್ಕಿನ ಸರಪಳಿಯ ಮೇಲೆ, ಅವನ ನಂತರ ಸರ್ವೆಯ ಹೊಣೆ ಹೊತ್ತ ಜಾರ್ಜ್ ಎವರೆಸ್ಟನಿಗೆ ನಂಬಿಕೆ ಬರಲಿಲ್ಲ. ವಾಘ್ ಬಂದದ್ದು ಹೊಸ ಸಾಧನದೊಂದಿಗೆ: ಹಿತ್ತಾಳೆ, ಕಬ್ಬಿಣದ ಪಟ್ಟಿಗಳನ್ನು ಜೋಡಿಸಿದ ಹತ್ತಡಿಯ ಅಳತೆಗೋಲುಗಳು. ಬಿಸಿಲಿಗೆ ಎರಡು ಲೋಹವೂ ಹಿಗ್ಗುತ್ತವೆ, ಆದರೆ ಸಮನಾಗಿ ಅಲ್ಲ. ಆ ವ್ಯತ್ಯಾಸವನ್ನೇ ಹಿಡಿದು, ತುದಿಯ ಚುಕ್ಕಿಗಳ ಅಂತರ ಕದಲದಂತೆ ಮಾಡಿದ್ದರು. ಡೇರೆಯ ನೆರಳಲ್ಲಿ, ಸೂಕ್ಷ್ಮದರ್ಶಕ ಇಟ್ಟು, ಕೋಲಿನ ಮುಂದೆ ಕೋಲು. ಉತ್ತರಕ್ಕೆ ನಾನೂರು ಮೈಲಿಗೂ ಆಚೆಯ ಸಿರೋಂಜ್‌ನ ಬೇಸ್‌ಲೈನ್‌ನಿಂದ ತ್ರಿಕೋನಗಳ ಮೂಲಕ ಲೆಕ್ಕ ಹಾಕಿ ತಂದ ಉದ್ದಕ್ಕೂ ಇಲ್ಲಿ ನೆಲದ ಮೇಲೆ ಅಳೆದ ಉದ್ದಕ್ಕೂ ಬಂದ ವ್ಯತ್ಯಾಸ ಕೆಲವೇ ಅಂಗುಲ! ಆ ಶ್ರದ್ಧೆಗೆ ನಾನು ತಲೆಬಾಗುತ್ತೇನೆ.

ಆದರೆ ಹೀಗೆ ಅಳೆಯುವ ಕಣ್ಣು ಎಲ್ಲಿ ಪಳಗಿತ್ತು? ವಾಘ್ ಓದಿದ್ದು ಲಂಡನ್ ಹತ್ತಿರದ ಆಡಿಸ್ಕಂಬ್‌ನಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಸೇನಾ ಶಾಲೆಯಲ್ಲಿ. ಅಲ್ಲಿ ಭೂದೃಶ್ಯ ಬರೆಯುವುದೂ ಸೈನಿಕ ವಿದ್ಯೆಯೇ. ಚಿತ್ರಕಾರ ಥಿಯೋಡರ್ ಫೀಲ್ಡಿಂಗ್ ಅಲ್ಲಿ ಪರ್ಸ್‌ಪೆಕ್ಟಿವ್ ಕಲಿಸಿದವನು. ನೋಡುವವನು ಒಂದೆಡೆ ನಿಲ್ಲುತ್ತಾನೆ, ದೂರದ್ದೆಲ್ಲ ಅವನ ಕಣ್ಣಿಗೆ ತಕ್ಕಂತೆ ಕುಗ್ಗುತ್ತದೆ. ನಮ್ಮ ದಖ್ಖನಿ ಚಿತ್ರಕಾರರಿಗೆ ಆ ಕಟ್ಟು ಇರಲಿಲ್ಲ. ಕೆರೆಯನ್ನು ಮೇಲಿನಿಂದ, ದಂಡೆಯ ಮರವನ್ನು ಎದುರಿನಿಂದ, ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಬಲ್ಲವರು ಅವರು. ಸರ್ವೆಯವರು ಕೋನ ಅಳೆಯುವ ಥಿಯೋಡೊಲೈಟ್‌ಗೆ ಮಾತ್ರ ಮರ ಎಂದರೆ ಒಂದೋ ಗುರುತು, ಇಲ್ಲವೇ ಅಡ್ಡಿ. ಉತ್ತರದ ಬಯಲಿನಲ್ಲಿ ಎವರೆಸ್ಟನ ನೋಟಕ್ಕೆ ಅಡ್ಡ ನಿಂತ ಮರಗಳನ್ನು ಕಡಿಸಿದರು, ಮನೆಗಳನ್ನೂ ಕೆಡವಿಸಿದರು. ಚಿತ್ರದಲ್ಲಿ ಬೇಡವಾದದ್ದನ್ನು ಬರೆಯದೆ ಬಿಡಬಹುದು. ಅಧಿಕಾರ ಕೈಯಲ್ಲಿದ್ದವನು ನೆಲದಿಂದಲೇ ಅಳಿಸಿದ.

1847ರಲ್ಲಿ ಎವರೆಸ್ಟ್ ಈ ಅಳತೆಗಳ ಗ್ರಂಥ ಹೊರತಂದ. ಅದರ ಶೀರ್ಷಿಕೆಯಲ್ಲಿ ದಾಮರಗಿದ್ದಾ ಇಲ್ಲ; 18 ಡಿಗ್ರಿ 3 ನಿಮಿಷ 15 ಸೆಕೆಂಡ್ ಎಂಬ ಅದರ ಅಕ್ಷಾಂಶವಿದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಾರಾಯಣಖೇಡ ತಾಲೂಕು ಬೀದರ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಹೋಯಿತು, ಈಗ ತೆಲಂಗಾಣದಲ್ಲಿದೆ. ಆದರೂ ಗೆರೆಗೆ ಬೀದರದ ಹೆಸರು ಉಳಿದಿದೆ. ಕೋಟೆ ನೋಡಲು ಬರುವ ಶಾಲೆಯ ಮಕ್ಕಳಿಗೆ ಬಹಮನಿ ಸುಲ್ತಾನರ ಜೊತೆ ಈ ಗೆರೆಯ ಕಥೆಯನ್ನೂ ಹೇಳಬೇಕು, ಬಿಸಿಲಲ್ಲಿ ಆ ಕೋಲು ಹೊತ್ತ ಖಲಾಸಿಗಳ ಕಥೆಯನ್ನೂ.